ನೀರಿನಿಂದ ಎದ್ದವರನ್ನು ಶೀನ ಉಪಚರಿಸಿದ್ದು

ಬೈಲಕೋಡಿಯಲ್ಲಿ ಶೀನ ಅಂತ ಒಬ್ಬನಿದ್ದಾನೆ. ಕತೆ ಹೇಳುವವರು 'ಇದ್ದ' ಅಂತ ಶುರು ಮಾಡುತ್ತಾರೆ, ನನಗೂ ಗೊತ್ತು. ಆದರೆ ಇವನು ಇನ್ನೂ ಇದ್ದಾನೆ. ದಿನಾ ಬೆಳಿಗ್ಗೆ ನನ್ನ ಗೂಡಂಗಡಿಯ ಮುಂದೆಯೇ ಹಾದು ಹೋಗುತ್ತಾನೆ. ಹಾಗಾಗಿ 'ಇದ್ದ' ಅನ್ನುವ ಭಾಗ್ಯ ನನಗಿಲ್ಲ.

ಅವನ ತಾಯಿ ಜಲಜಕ್ಕ. ತಲೆ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿ ಮಗನನ್ನು ಸಾಕಿದವಳು. ಚೆನ್ನಾಗಿಯೇ ಸಾಕಿದ್ದಾಳೆ, ಆಳು ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬರುವುದಿಲ್ಲ. ಹೊಳೆಗೆ ಹಾರಿದರೆ ಆಚೆ ದಡ ಮುಟ್ಟಿ ಬರುತ್ತಾನೆ, ಉಸಿರೂ ಏರುವುದಿಲ್ಲ. ಇಷ್ಟೆಲ್ಲ ಕೊಡುವ ಗಡಿಬಿಡಿಯಲ್ಲಿ ದೇವರು ತಲೆಯೊಳಗೆ ಇಡಬೇಕಾದದ್ದನ್ನು ಮಾತ್ರ ಮರೆತುಬಿಟ್ಟ. ಶೀನ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ. ಬಾಗಿಲಿಗೆ ಬೀಗ ಹಾಕಿ ಬಾ ಅಂದರೆ ಹಾಕಿ ಬರುತ್ತಾನೆ, ಒಳಗೆ ಯಾರಿದ್ದಾರೆ ಅಂತ ನೋಡುವುದಿಲ್ಲ. ನೋಡು ಅಂತ ಯಾರೂ ಹೇಳಿರಲಿಲ್ಲವಲ್ಲ.

ಇಂಥವನು ಒಂದು ಕೆಲಸದಲ್ಲಿ ಉಳಿದದ್ದುಂಟೇ? ದೋಣಿಗೆ ಹೋದ, ಬಿಡಿಸಿದರು. ಐಸ್ ಪ್ಲಾಂಟಿಗೆ ಹೋದ, ಬಿಡಿಸಿದರು. ಮದುವೆ ಮನೆಗಳಲ್ಲಿ ಬಡಿಸಲು ಹೋದ. "ಯಾರ ಎಲೆಯೂ ಖಾಲಿ ಇರಬಾರದು" ಅಂತ ಅಡುಗೆ ಭಟ್ಟರು ಹೇಳಿದ್ದರು. ಉಂಡವರು ಎದ್ದು ಕೈ ತೊಳೆಯಲು ಹೋದ ಮೇಲೂ ಎಲೆ ಎಲೆಗೆ ಅನ್ನ ಬಡಿಸುತ್ತಾ ಹೋದ. ಅಲ್ಲಿಂದಲೂ ಬಿಡಿಸಿದರು.

ಜಲಜಕ್ಕನಿಗೆ ಮಂಡಿನೋವು ಶುರುವಾಗಿ ಕೆಲವು ವರ್ಷ ಆಯಿತು. ಬುಟ್ಟಿ ಇಳಿಸಿ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಾಗೆಲ್ಲ ಒಂದೇ ಮಾತು. "ಇವನಿಗೆ ಬುದ್ಧಿ ಬರುತ್ತೆ ಅಂತ ನಾನು ಕಾಯುದಿಲ್ಲ ಮಾರಾಯ್ರೆ. ಬುದ್ಧಿ ಇರುವ ಹುಡುಗಿ ಬಂದ್ರೆ ಸಾಕು. ನನ್ನ ಕಾಲ ಆದ ಮೇಲೆ, ಬೆಳಿಗ್ಗೆ ಎದ್ದು ಎಂತ ಮಾಡ್ಬೇಕು ಅಂತ ಇವನಿಗೆ ಹೇಳುವವರು ಯಾರು?" ಹಾಗೆ ಹೇಳುವಾಗ ಅವಳ ಕಣ್ಣು ತುಂಬುತ್ತಿತ್ತು. ನನಗೆ ಎಲ್ಲದರಲ್ಲೂ ತಮಾಷೆ ಕಾಣುವ ಕೆಟ್ಟ ಅಭ್ಯಾಸ. ಆದರೆ ಆ ಹೊತ್ತಿನಲ್ಲಿ ನನಗೂ ತಮಾಷೆ ಬೇಡ ಅನಿಸುತ್ತಿತ್ತು.

ಹೊಳೆಯ ಆಚೆ ದಡದಲ್ಲಿ ಮಾಧವ ಮರಕಾಲರು ಅಂತ ಹಿರಿಯರು. ಅವರ ಮಗಳು ವಾರಿಜ, ಮೀನುಗಾರರ ಸೊಸೈಟಿಯಲ್ಲಿ ಕೆಲಸ ಮಾಡುವ ಚುರುಕು ಹುಡುಗಿ. ನೋಡಲು ಬಂದ ಗಂಡುಗಳನ್ನೆಲ್ಲ ಮಾತಿನಲ್ಲೇ ವಾಪಸು ಕಳಿಸಿದವಳು. ಜಲಜಕ್ಕ ಧೈರ್ಯ ಮಾಡಿ ಹೋಗಿ ಕೇಳಿದಳು. ಮರಕಾಲರು ಹತ್ತು ಜನರ ಮುಂದೆ ಹೇಳಿದರು, "ದೀಪಾವಳಿಯಿಂದ ಸಂಕ್ರಾಂತಿವರೆಗೆ ನಿಮ್ಮ ಹುಡುಗ ಒಂದೇ ಕೆಲಸದಲ್ಲಿರಲಿ ಜಲಜಕ್ಕ. ಯಾರೂ ಬಿಡಿಸದಿದ್ರೆ ಹೆಣ್ಣು ಕೊಡ್ತೇನೆ." ಕೊಡುವುದಿಲ್ಲ ಅಂತ ನೇರ ಹೇಳಲು ಸಂಕೋಚಪಟ್ಟವರು ಹೀಗೆಲ್ಲ ಸುತ್ತಿ ಹೇಳುತ್ತಾರೆ. ಜಲಜಕ್ಕ ಅದನ್ನೇ ಮಾತು ಅಂತ ಹಿಡಿದುಕೊಂಡು ಬಂದಳು.

ಆ ವರ್ಷವೇ ನಮ್ಮ ದಿನಕರ ತೆಂಗಿನ ತೋಪಿನಲ್ಲಿ ಚಪ್ಪರ ಹಾಕಿದ್ದು, ನನ್ನ ಅಂಗಡಿಗೆ ಸರಿಯಾಗಿ ಎದುರು. ಗೋವಾದಲ್ಲಿ ಕೆಲವು ವರ್ಷ ಇದ್ದು ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದವನು. ಪ್ಯಾಡಲ್ ಬೋರ್ಡ್ ಅಂತ ಹೊಸ ಆಟ ತಂದ. ಗಾಳಿ ತುಂಬಿಸಿದ ಒಂದು ಉದ್ದ ಹಲಗೆ. ಅದರ ಮೇಲೆ ನಿಂತುಕೊಂಡು, ಉದ್ದ ಹುಟ್ಟು ಹಾಕುತ್ತಾ ಹೊಳೆಯಲ್ಲಿ ಹೋಗುವುದು. ನಮ್ಮ ಅಜ್ಜಂದಿರು ದೋಣಿಯಲ್ಲಿ ಕೂತು ಹುಟ್ಟು ಹಾಕಿದರು, ಪಾಪ, ಅವರಿಗೆ ಕೂರಲು ಬರುತ್ತಿತ್ತು. ಈಗಿನವರು ದೂರದ ಊರುಗಳಿಂದ ಕಾರು ಮಾಡಿಕೊಂಡು ಬಂದು, ನಿಂತು, ಬಿದ್ದು, ಎದ್ದು, ಮತ್ತೆ ಬಿದ್ದು, ಮನಸ್ಸಿಗೆ ತುಂಬಾ ಶಾಂತಿ ಸಿಕ್ಕಿತು ಅಂತ ಹೇಳಿ ಹೋಗುತ್ತಾರೆ.

ಮಳೆಗಾಲದಲ್ಲಿ ಈ ಆಟ ಇಲ್ಲ. ನವರಾತ್ರಿ ಕಳೆದು ಹೊಳೆ ತಿಳಿಯಾದ ಮೇಲೆ ಶುರು. ಚಳಿಗಾಲದ ಬೆಳಿಗ್ಗೆ, ಗಾಳಿ ಏಳುವ ಮೊದಲು, ನೀರಿನ ಮೇಲೆ ಮಂಜು ಮಲಗಿರುವಾಗ ಹಲಗೆಯ ಮೇಲೆ ಹೋಗುವುದು ಬಹಳ ಸುಖವಂತೆ. ನಾವು ಊರಿನವರು ಆ ಹೊತ್ತಿಗೆ ಮಂಕಿ ಕ್ಯಾಪ್ ಹಾಕಿಕೊಂಡು ಚಾ ಕುಡಿಯುತ್ತಾ ಅವರು ಬೀಳುವುದನ್ನು ನೋಡುತ್ತೇವೆ. ಅದೂ ಸುಖವೇ.

ದಿನಕರನಿಗೆ ಒಬ್ಬ ಆಳು ಬೇಕಾಗಿತ್ತು. ನವರಾತ್ರಿ ಕಳೆದ ಮೇಲೆ ಇಟ್ಟುಕೊಂಡವರು ಯಾರೂ ಹೇಳಿದ ಮಾತು ಕೇಳುತ್ತಿರಲಿಲ್ಲವಂತೆ. "ಬುದ್ಧಿವಂತರು ಬೇಡ ಜಲಜಕ್ಕ, ಬುದ್ಧಿವಂತರು ಸಾಕಾಗಿದ್ದಾರೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವ ಬೇಕು" ಅಂದ. ಜಲಜಕ್ಕ ಸುಳ್ಳು ಹೇಳುವ ಹೆಂಗಸಲ್ಲ. "ಆ ವಿಷಯದಲ್ಲಿ ನೀವು ಹೆದರುವುದು ಬೇಡ" ಅಂದಳು.

ಕೆಲಸಕ್ಕೆ ಸೇರುವ ಹಿಂದಿನ ದಿನ ಮನೆಯಲ್ಲೇ ಒಂದು ಆಯಿತು. ಜಲಜಕ್ಕ ಬೆಳಿಗ್ಗೆ ಬಂದರಿನಿಂದ ಒಂದು ಬುಟ್ಟಿ ಬಂಗುಡೆ ತಂದು ಅಂಗಳದಲ್ಲಿಟ್ಟು, "ಬೆಕ್ಕು ಬರ್ತದೆ, ಕಾಯ್ತಾ ಇರು" ಅಂತ ಹೇಳಿ ಸ್ನಾನಕ್ಕೆ, ದೇವಸ್ಥಾನಕ್ಕೆ ಅಂತ ಹೋದಳು. ಶೀನ ಕಾದ. ಬಿಸಿಲು ಬಂತು, ಕಾದ. ಮೀನು ವಾಸನೆ ಹೊಡೆಯಿತು, ಮೂಗು ಮುಚ್ಚಿಕೊಂಡು ಕಾದ. ಜಲಜಕ್ಕ ಬಂದು ನೋಡಿದರೆ ಬೆಕ್ಕೂ ಮೂಸಿ ನೋಡದ ಮೀನು.

"ನಿನ್ನ ತಲೆಗಿಷ್ಟು. ನೀರಿಂದ ಮೇಲೆ ಬಂದದ್ದನ್ನು ಹೀಂಗೆ ಇಡ್ತಾರಾ? ಕೂಡ್ಲೇ ಐಸ್ ಹಾಕ್ಬೇಕು. ಅಡಿಗೆ ಐಸ್, ಮೇಲೆ ಐಸ್, ಮತ್ತೆ ಗೋಣಿ ಮುಚ್ಚಬೇಕು. ಇಲ್ದಿದ್ರೆ ಕೆಟ್ಟೋಗ್ತದೆ. ತಿಳೀತಾ?"

"ಆಯ್ತು" ಅಂದ ಶೀನ. ಶೀನ ಆಯ್ತು ಅಂದರೆ ಆಯ್ತೇ.

ದೀಪಾವಳಿ ಕಳೆದು, ಮೊದಲ ಚಳಿ ಬಿದ್ದ ಒಂದು ಬೆಳಿಗ್ಗೆ. ಘಟ್ಟದ ಮೇಲಿನಿಂದ ಒಬ್ಬ ದಪ್ಪ ಸಾಹೇಬರು ಸ್ನೇಹಿತರನ್ನು ಕಟ್ಟಿಕೊಂಡು ಬಂದರು. "ಬಿಸಿಲು ನೋಡಿ ಬಟ್ಟೆ ಹಾಕಬೇಡಿ ಸಾರ್, ನೀರಿನ ಚಳಿ ನೋಡಿ ಹಾಕಿ" ಅಂತ ದಿನಕರ ಹೇಳಿದ. ಸಾಹೇಬರು ಕರಾವಳಿಯಲ್ಲಿ ಎಂಥಾ ಚಳಿ ಅಂತ ನಕ್ಕು, ಚಡ್ಡಿಯಲ್ಲೇ ಹಲಗೆ ಹತ್ತಿದರು. ನಿಂತರು, ಬಿದ್ದರು. ಹತ್ತಿದರು, ಬಿದ್ದರು. ಗಾಳಿಯೂ ಎದ್ದಿತು. ಶೀನ ಈಜಿ ಹೋಗಿ ಅವರನ್ನು ದಡಕ್ಕೆ ತಂದಾಗ ಹಲ್ಲು ಕಟಕಟ ಅನ್ನುತ್ತಿತ್ತು, ತುಟಿ ನೇರಳೆ ಬಣ್ಣ.

ಶೀನ ಒಮ್ಮೆ ನೋಡಿದ. ನೀರಿಂದ ಮೇಲೆ ಬಂದಿದ್ದಾರೆ. ಬಿಸಿಲು ಏರುತ್ತಿದೆ. ಇನ್ನು ತಡ ಮಾಡಿದರೆ ಕೆಟ್ಟು ಹೋಗುತ್ತಾರೆ. ಅವರನ್ನು ಹೆಗಲಿಗೆ ಹಾಕಿಕೊಂಡು ಮೀನಿಳಿಸುವ ಜಾಗಕ್ಕೆ ಓಡಿದ. ದೊಡ್ಡ ತೊಟ್ಟಿಗೆ ಅಡಿಗೆ ಐಸ್ ಹಾಕಿದ, ನಡುವೆ ಸಾಹೇಬರನ್ನು ಮಲಗಿಸಿದ, ಮೇಲೆ ಐಸ್ ಹಾಕಿದ, ಗೋಣಿ ಮುಚ್ಚಿದ. ತಲೆ ಮಾತ್ರ ಹೊರಗೆ. ತಾಯಿ ಎಷ್ಟು ಹೇಳಿದ್ದಳೋ ಅಷ್ಟೇ.

ಸಾಹೇಬರ ಕೂಗು ಬಂದರಿನ ಆಚೆಗೂ ಕೇಳಿತು. ದಿನಕರ ಓಡಿ ಬಂದು ಎಳೆದು ತೆಗೆದ. ಸಾಹೇಬರು ಬಿಟ್ಟುಬಿಡುವ ಜಾತಿಯವರಲ್ಲ, ಬೈಯಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಸ್ನೇಹಿತರೆಲ್ಲ ಫೋನ್ ಹಿಡಿದು ಚಿತ್ರ ತೆಗೆಯುತ್ತಿರುವುದು ಕಂಡಿತು. ಮೀನಿನ ತೊಟ್ಟಿಯಲ್ಲಿ ಮಲಗಿದ್ದಕ್ಕೆ ಏನಾದರೂ ಮರ್ಯಾದೆಯ ಕಾರಣ ಬೇಕಲ್ಲ? "ಇದು ಐಸ್ ಬಾತ್. ಹೊರದೇಶದಲ್ಲಿ ದೊಡ್ಡ ದೊಡ್ಡವರು ಮಾಡ್ತಾರೆ. ಮೈ ಎಷ್ಟು ಹಗುರಾಯ್ತು ಗೊತ್ತಾ" ಅಂತ ನಡುಗುತ್ತಲೇ ಹೇಳಿದರು. ಅದು ಕೇಳಿ ಅವರ ಸ್ನೇಹಿತರಿಬ್ಬರು ಬಟ್ಟೆ ಬಿಚ್ಚಿ ತೊಟ್ಟಿಗೆ ಇಳಿದರು.

ಶೀನನ ಕೆಲಸ ಉಳಿಯಿತು. ಆದರೂ ದಿನಕರ ಪಕ್ಕಕ್ಕೆ ಕರೆದು ಬೈದ. "ಮನುಷ್ಯರಿಗೆ ಐಸ್ ಹಾಕ್ತಾರಾ ಮಾರಾಯಾ? ನೀರಿಂದ ಎದ್ದವರಿಗೆ ಕಂಬಳಿ ಹೊದೆಸ್ಬೇಕು. ಬೆಂಕಿ ಹತ್ರ ಇಡ್ಬೇಕು. ಬಿಸಿ ಬಿಸಿ ಮೆಣಸಿನ ಕಷಾಯ ಕೊಡ್ಬೇಕು. ನೆನಪಿಟ್ಕೋ."

"ಆಯ್ತು" ಅಂದ ಶೀನ.

ಕೆಲವು ದಿನ ಏನೂ ಆಗಲಿಲ್ಲ, ಯಾರೂ ಬೀಳಲಿಲ್ಲ. ಹಾಗೆ ಒಂದು ದಿನ ಬಂದವರೆಲ್ಲ ಸವಾರಿ ಮುಗಿಸಿ ತಿಂಡಿಗೆ ಹೋದರು. ದಿನಕರ, "ಆ ಹೊಸ ನೀಲಿ ಹಲಗೆಯನ್ನು ನೀರಿಂದ ಮೇಲೆ ತಾ" ಅಂದು ಪೇಟೆಗೆ ಹೋದ. ಶೀನ ತಂದ. ಹಲಗೆಯ ಮೈಯಿಂದ ನೀರು ಇಳಿಯುತ್ತಿತ್ತು. ನೀರಿಂದ ಎದ್ದದ್ದು ತಾನೇ? ಕಂಬಳಿ ಹೊದೆಸಿದ. ತೆಂಗಿನ ಗರಿ ರಾಶಿ ಹಾಕಿ ಬೆಂಕಿ ಮಾಡಿ ಹತ್ತಿರ ಇಟ್ಟ. ನನ್ನ ಅಂಗಡಿಗೆ ಬಂದು, "ಒಂದು ಮೆಣಸಿನ ಕಷಾಯ ಕೊಡಿ" ಅಂದ.

"ಯಾರಿಗೆ?" ಅಂತ ಕೇಳಿದೆ.

"ನೀಲಿಗೆ" ಅಂದ.

ಯಾರೋ ನೀಲಮ್ಮ ಅಂತ ತಿಳಿದುಕೊಂಡು ನಾನು ಶುಂಠಿ ಜಾಸ್ತಿ ಹಾಕಿಯೇ ಕೊಟ್ಟೆ. ಅವನು ಹಲಗೆಯನ್ನು ಮಗುಚಿ, ತಿರುಗಿಸಿ, ಬಾಯಿ ಎಲ್ಲಿ ಅಂತ ಹುಡುಕುವುದು ಕಂಡಾಗಲೇ ನನಗೆ ಅರ್ಥವಾದದ್ದು. ಗಾಳಿ ತುಂಬುವ ಮುಚ್ಚಳ ಸಿಕ್ಕಿತು, ಅದರ ಮೇಲೆ ಕಷಾಯ ಎರೆದ. ಒಳಗೆ ಹೋಗಲಿಲ್ಲ. "ಖಾರ ಆಯ್ತಾ?" ಅಂತ ಕೇಳಿ, ಮತ್ತೆ ಬಂದು ನನ್ನ ಹತ್ತಿರ ಬೆಲ್ಲ ಇಸ್ಕೊಂಡು ಹೋದ. ಬೇಡ ಅಂತ ನಾನು ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ. ಬೆಲ್ಲ ಹಾಕಿದರೆ ಕುಡಿಯುತ್ತದೋ ಅಂತ ನನಗೂ ಕುತೂಹಲ.

ಕುಡಿಯಲಿಲ್ಲ. ಒಳಗಿನ ಗಾಳಿ ಕಾದು, ಹಲಗೆ ಉಬ್ಬಿ, ಢಂ ಅಂತ ಒಡೆಯಿತು. ತೋಪಿನ ಕಾಗೆಗಳೆಲ್ಲ ಎದ್ದವು. ಕಂಬಳಿ ಮೇಲಕ್ಕೆ ಹಾರಿ ತೆಂಗಿನ ಗರಿಗೆ ಸಿಕ್ಕಿಕೊಂಡಿತು. ದೀಪಾವಳಿ ಮುಗಿದ ಮೇಲೂ ಯಾರಪ್ಪ ಪಟಾಕಿ ಹೊಡೆಯುವುದು ಅಂತ ಜನ ಸೇರಿದರು. ಜಲಜಕ್ಕ ಬುಟ್ಟಿ ಎಲ್ಲೋ ಇಳಿಸಿ, ಕುಂಟುತ್ತಾ ಓಡಿ ಬಂದಳು. ಅದೇ ಹೊತ್ತಿಗೆ ದಿನಕರನೂ ಬಂದ. ಸುಟ್ಟ ಹಲಗೆ ನೋಡಿದ, ಶೀನನನ್ನು ನೋಡಿದ.

"ಶೀನಾ, ನಾಳೆಯಿಂದ..." ಅಂತ ಶುರು ಮಾಡಿದ.

ಜಲಜಕ್ಕ ಕೈ ಮುಗಿದು ನಿಂತಳು. ಆ ಬೆಲ್ಲ ಕೊಡಬಾರದಿತ್ತು ಅಂತ ನನಗೆ ಅನಿಸಿತು.

ಆಗ ಒಂದು ಕಾರು ಬಂದು ನಿಂತಿತು. ಇಳಿದವರು ಮೊದಲು ಕೇಳಿದ್ದು ಹಲಗೆಯನ್ನಲ್ಲ, "ಐಸ್ ಹಾಕುವ ಅಣ್ಣ ಯಾರು? ಅವರು ಇದ್ದಾರಲ್ಲ?" ಅಂತ. ಸಾಹೇಬರ ಚಿತ್ರ ಅಷ್ಟು ಊರು ತಿರುಗಿತ್ತು. ದಿನಕರ ಶುರು ಮಾಡಿದ ಮಾತನ್ನು ನುಂಗಿ ಬೇರೆ ಮಾತು ಹೇಳಿದ. "ನಾಳೆಯಿಂದ ಸರಿಯಾಗಿ ಕೇಳ್ಕೋ. ನೀರಿಂದ ತೆಗೆದ ಮೇಲೆ ಮೊದ್ಲು ಒಳಗಿನ ಗಾಳಿ ಬಿಡ್ಬೇಕು. ಹೊಟ್ಟೆ ಮೇಲೆ ಮಂಡಿ ಊರಿ ಒತ್ತು, ಗಾಳಿ ಪೂರಾ ಹೋಗ್ಲಿ. ಮತ್ತೆ ಸುರುಳಿ ಸುತ್ತು. ಪಟ್ಟಿ ಬಿಗಿ. ನೆರಳಲ್ಲಿಡು."

"ಆಯ್ತು" ಅಂದ ಶೀನ. ಜಲಜಕ್ಕ ಮಾತ್ರ ಆ ಮಾತನ್ನು ಕೇಳಿ ಇನ್ನಷ್ಟು ಹೆದರಿದಳು. ಮಗನನ್ನು ಹೆತ್ತವಳಲ್ಲವೇ.

ಈ ಸಲ ಸಿಕ್ಕಿದ್ದು ಕಂಬಳದ ಕೋಣ.

ನಮ್ಮ ಕಡೆ ಚಳಿಗಾಲ ಅಂದರೆ ಕಂಬಳ. ಓಟಕ್ಕೆ ಹೋಗುವ ಕೋಣಗಳನ್ನು ಸಾಕುವ ಭಾಗ್ಯ ಮನೆಯ ಮಕ್ಕಳಿಗೂ ಇರುವುದಿಲ್ಲ. ಅಣ್ಣಪ್ಪ ಪೂಜಾರಿ ಒಂದು ಜೋಡಿ ನೋಡಿಕೊಳ್ಳುತ್ತಾನೆ. ಕೈಕಾಲು ಗಟ್ಟಿಯಾಗಲಿ ಅಂತ ಅವುಗಳನ್ನು ಹೊಳೆಯಲ್ಲಿ ಈಜಿಸುತ್ತಾನೆ. ಆ ದಿನ ದೊಡ್ಡ ಕೋಣ ಈಜಿ ಮೇಲೆ ಬಂದು ಮರಳಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಅಣ್ಣಪ್ಪ ಬೀಡಿ ಹಚ್ಚಿಕೊಂಡು ನನ್ನ ಅಂಗಡಿಯಲ್ಲಿದ್ದ. ಶೀನ ಆ ಕಡೆಯಿಂದ ಬಂದ. ನೀರಿಂದ ಎದ್ದದ್ದು, ಹೊಟ್ಟೆ ಉಬ್ಬಿದ್ದು. ಹೋಗಿ ಹೊಟ್ಟೆ ಮೇಲೆ ಮಂಡಿ ಊರಿ ಒತ್ತಿದ.

ಗಾಳಿ ಹೋಯಿತು. ನಾನು ಅದಕ್ಕಿಂತ ಹೆಚ್ಚು ವಿವರ ಹೇಳುವುದಿಲ್ಲ. ಶೀನ ಇನ್ನೂ ಒತ್ತಿದ. ಆಮೇಲೆ ಸುರುಳಿ ಸುತ್ತಲು ಬಾಲದ ಕಡೆಯಿಂದ ಶುರು ಮಾಡಿದ. ಕೋಣ ಎದ್ದು ನಿಂತು ಒಂದೇ ಒದೆತ ಕೊಟ್ಟಿತು. ಶೀನ ಹೊಳೆಯಲ್ಲಿ ಬಿದ್ದ.

ಅಣ್ಣಪ್ಪ ಬೀಡಿ ಬಿಸಾಡಿ ಓಡಿದ. ಮೊದಲು ಕೋಣಕ್ಕೆ ಏನಾಯಿತು ಅಂತ ನೋಡಿದ, ಆಮೇಲೆ ಶೀನನಿಗೆ ಬೈದ. "ನೀರಿಂದ ಬಂದವನನ್ನು ಹೀಂಗಾ ನೋಡುವುದು? ರಾಜನ ಹಾಂಗೆ ನೋಡ್ಬೇಕು. ಮೈಗೆಲ್ಲ ಎಣ್ಣೆ ಹಚ್ಚಿ ತಿಕ್ಕಬೇಕು. ಬೇಯಿಸಿದ ಹುರುಳಿ ಬಾಯಿಗೆ ಕೊಡ್ಬೇಕು. ಓಡಿ ಹೋಗದ ಹಾಂಗೆ ಹಗ್ಗ ಹಾಕಿ ಮರಕ್ಕೆ ಕಟ್ಟಬೇಕು. ಬೆನ್ನು ತಟ್ಟಿ 'ಭೇಷ್ ಮಗಾ' ಅನ್ಬೇಕು. ಅದರ ಮರ್ಯಾದೆ ಅದಕ್ಕೆ ಕೊಡು."

"ಆಯ್ತು" ಅಂದ ಶೀನ, ಸೊಂಟ ಹಿಡಿದುಕೊಂಡು.

ಇನ್ನೇನು ಸಂಕ್ರಾಂತಿ ಬಂತು. ಜಲಜಕ್ಕ ಸೊಸೆಗೆ ಅಂತ ಎತ್ತಿಟ್ಟ ಬಳೆ ಒರೆಸಿಟ್ಟಳು. ಆಚೆ ದಡದಲ್ಲಿ ಮಾಧವ ಮರಕಾಲರಿಗೆ ನಿದ್ದೆ ಇಲ್ಲ. ಇಷ್ಟು ದಿನ ಯಾರೂ ಬಿಡಿಸಲಿಲ್ಲವಲ್ಲ, ಅದೆಂಥಾ ಕೆಲಸ ಅಂತ ಕಣ್ಣಾರೆ ನೋಡಲು ಒಂದು ಮುಂಜಾನೆ ದೋಣಿಯಲ್ಲಿ ಬಂದೇ ಬಿಟ್ಟರು. ಜೊತೆಗೆ ವಾರಿಜಳೂ ಬಂದಳು. ಹಲಗೆ ನೋಡಿ ಮರಕಾಲರು ನಕ್ಕರು. "ನಾನು ಕಡಲಿನಲ್ಲಿ ತಲೆ ನೆರೆದವ. ಈ ಮಣೆಯ ಮೇಲೆ ನಿಲ್ಲುವುದು ಒಂದು ಕೆಲಸವಾ?" ಅಂದವರೇ ಪಂಚೆ ಎತ್ತಿ ಕಟ್ಟಿ, ಶಾಲು ಹೊದ್ದುಕೊಂಡೇ ಹತ್ತಿದರು. ದಿನಕರ ಮಂಡಿ ಸ್ವಲ್ಪ ಬಗ್ಗಿಸಿ, ಕಾಲು ನೋಡಬೇಡಿ, ದೂರ ನೋಡಿ ಅಂತ ಹೇಳುತ್ತಲೇ ಇದ್ದ. ಕಡಲಿನಲ್ಲಿ ತಲೆ ನೆರೆದವರಿಗೆ ಯಾರಾದರೂ ಹೇಳಿಕೊಡುವುದುಂಟೇ? ಮರಕಾಲರು ಸ್ವಲ್ಪ ದೂರ ನೆಟ್ಟಗೆ ಹೋದರು, ಮಗಳಿಗೆ ಕಾಣಲಿ ಅಂತ ತಿರುಗಿದರು, ಬಿದ್ದರು.

ಶೀನ ಹಾರಿ, ಈಜಿ, ಕಣ್ಣು ಮಿಟುಕಿಸುವುದರೊಳಗೆ ಅವರನ್ನು ಮರಳಿಗೆ ತಂದ. ಅಷ್ಟು ಚೆನ್ನಾಗಿ ತಂದದ್ದನ್ನು ಕಂಡು ಜಲಜಕ್ಕ, ಆಗ ತಾನೇ ಬಂದವಳು, ದೇವರಿಗೆ ಕೈ ಮುಗಿದಳು. ಸ್ವಲ್ಪ ಅವಸರ ಮಾಡಿದಳು.

ಶೀನ ನನ್ನ ಅಂಗಡಿಗೆ ನುಗ್ಗಿ ಬಜ್ಜಿ ಕರಿದ ಎಣ್ಣೆಯ ಡಬ್ಬಿ ಎತ್ತಿಕೊಂಡು ಓಡಿದ. ಮರಕಾಲರ ಮೈಗೆಲ್ಲ ಸುರಿದು ತಿಕ್ಕಿದ. ಭುಜ ತಿಕ್ಕಿದ, ಬೆನ್ನು ತಿಕ್ಕಿದ, ಮಗುಚಿ ಹಾಕಿ ತೊಡೆ ತಿಕ್ಕಿದ. ಕೋಣಕ್ಕೆ ಅಂತ ಅಣ್ಣಪ್ಪ ತಂದಿಟ್ಟ ಬಾನಿಯಿಂದ ಬಿಸಿ ಹುರುಳಿ ತಂದು ಮುಷ್ಟಿ ಮುಷ್ಟಿಯಾಗಿ ಬಾಯಿಗೆ ತುರುಕಿದ. ಹಗ್ಗ ತಂದು ಮೂಗು ನೋಡಿದ. ಮೂಗಿನಲ್ಲಿ ದಾರಕ್ಕೆ ತೂತು ಇರಲಿಲ್ಲ, ಅದು ಮರಕಾಲರ ಪುಣ್ಯ. ಸೊಂಟಕ್ಕೆ ಹಾಕಿ ತೆಂಗಿನ ಮರಕ್ಕೆ ಕಟ್ಟಿದ. ಆಮೇಲೆ ಹಿರಿಯರ ಬೆನ್ನು ತಟ್ಟಿ, "ಭೇಷ್ ಮಗಾ" ಅಂದ.

ಮೈತುಂಬ ಬಜ್ಜಿ ವಾಸನೆ, ಬಾಯಿ ತುಂಬ ಹುರುಳಿ. ಮರಕಾಲರಿಗೆ ಬೈಯಲೂ ಆಗಲಿಲ್ಲ.

ಜಲಜಕ್ಕ ಮರಳಿನ ಮೇಲೆ ಕುಸಿದು ಕೂತಳು. ಅವಳು ಅತ್ತದ್ದನ್ನು ನಾನು ಅಂದೇ ನೋಡಿದ್ದು, ಅಷ್ಟು ವರ್ಷ ಬೆಂಚಿನ ಮೇಲೆ ಕಣ್ಣು ತುಂಬಿಕೊಂಡರೂ ಅತ್ತಿರಲಿಲ್ಲ. "ಮುಗೀತು ಮಗಾ. ಎಲ್ಲ ಮುಗೀತು. ಇನ್ನು ನೀನು ಯಾರನ್ನೂ ಮುಟ್ಟಬೇಡ. ನೀರು ತೊಟ್ಟಿಕ್ಕುವ ಮನುಷ್ಯ ಕಂಡ್ರೆ ಕೈ ಕಟ್ಟಿ ದೂರ ನಿಲ್ಲು. ಸಾಯ್ಲಿ, ಬದುಕ್ಲಿ, ಮುಟ್ಟಬೇಡ."

"ಆಯ್ತು ಅಮ್ಮ" ಅಂದ ಶೀನ. ಅಮ್ಮ ಅಳುವುದು ನೋಡಿ ಅವನ ಕಣ್ಣಲ್ಲೂ ನೀರು.

ಐಸಿನ, ಕಷಾಯದ ಕತೆಯೆಲ್ಲ ವಾರಿಜಳ ಕಿವಿಗೂ ಬಿದ್ದಿತ್ತು. ಈಗ ಅವಳು ಶೀನನ ಮುಂದೆ ಬಂದಳು.

"ಎಣ್ಣೆ ಹಚ್ಚಲು ಯಾರು ಹೇಳಿದ್ದು?"

"ಅಣ್ಣಪ್ಪಣ್ಣ."

"ಐಸ್ ಹಾಕಲು?"

"ಅಮ್ಮ."

"ಕಷಾಯ?"

"ದಿನಕರಣ್ಣ."

"ನಿಮ್ಮಷ್ಟಕ್ಕೆ ನೀವು ಏನಾದ್ರೂ ಮಾಡಿದ್ದುಂಟಾ?"

ಶೀನ ಯೋಚನೆ ಮಾಡಿದ. "ಇಲ್ಲ" ಅಂದ.

"ಹೇಳಿದ್ದನ್ನು ಮಾಡದೆ ಬಿಟ್ಟದ್ದುಂಟಾ?"

"ಇಲ್ಲ."

ವಾರಿಜ ಹೋಗಿ ಅಪ್ಪನ ಹಗ್ಗ ಬಿಚ್ಚಿದಳು. "ಅಪ್ಪಯ್ಯ, ನನ್ನನ್ನು ನೋಡಲು ಬಂದವರೆಲ್ಲ 'ಆಯ್ತು' ಅಂತಲೇ ಹೇಳಿದ್ರು. ಮದುವೆಯಾದ ಮೇಲೂ ಕೆಲಸಕ್ಕೆ ಹೋಗ್ತೇನೆ ಅಂದ್ರೆ ಆಯ್ತು ಅಂದ್ರು, ಮಾರನೇ ದಿನ ಅವರ ಅಮ್ಮಂದಿರು ಬೇರೆ ಮಾತು ಹೇಳಿ ಕಳಿಸಿದ್ರು. ಆಯ್ತು ಅಂದದ್ದನ್ನು ಮಾಡುವ ಗಂಡಸು ನಮ್ಮ ಬದಿಯಲ್ಲಿ ಇವರೊಬ್ಬರೇ. ನನಗೆ ಇವರೇ ಸಾಕು" ಅಂದಳು.

ಆ ಮಾತಿಗೆ ಅಲ್ಲಿದ್ದ ಗಂಡಸರೆಲ್ಲ ಹೊಳೆಯ ಕಡೆ ನೋಡಿದೆವು.

ಮರಕಾಲರು ಹುರುಳಿ ನುಂಗಿ ಮುಗಿಸಿದರು. ಬೈಯಲೆಂದು ಬಲಗೈ ಎತ್ತಿದರು. ಕೈ ಮೇಲೆ ಹೋಯಿತು. ಆ ಭುಜ ಹಿಡಿದುಕೊಂಡು ಎಷ್ಟೋ ವರ್ಷ ಆಗಿತ್ತು, ಎಲ್ಲ ವೈದ್ಯರೂ ಕೈ ಬಿಟ್ಟಿದ್ದರು. ಎರಡು ಸಲ ಮೇಲೆ ಕೆಳಗೆ ಮಾಡಿ ನೋಡಿದರು. ಹತ್ತು ಜನರ ಮುಂದೆ ಕೊಟ್ಟ ಮಾತೂ ಇತ್ತು. ಹುಡುಗನನ್ನು ಯಾರೂ ಬಿಡಿಸಿಯೂ ಇರಲಿಲ್ಲ. "ಆ ಎಣ್ಣೆ ಯಾವುದು?" ಅಂತ ನನ್ನನ್ನು ಕೇಳಿದರು. ನಾನು ಔಷಧದ್ದು ಅಂದೆ.

ಸಂಕ್ರಾಂತಿ ಕಳೆದ ಮೇಲೆ ಒಳ್ಳೆಯ ಮುಹೂರ್ತ ನೋಡಿ ಮದುವೆ ಇಟ್ಟರು. ಊರೆಲ್ಲ ಸೇರಿತ್ತು. ಜಲಜಕ್ಕ ಹೊಸ ಸೀರೆ ಉಟ್ಟು, ಮಂಡಿ ನೋವು ಮರೆತು ಓಡಾಡುತ್ತಿದ್ದಳು. ಶೀನ ಭಟ್ಟರು ಹೇಳಿದ್ದನ್ನೆಲ್ಲ ಹೇಳಿದ ಹಾಗೆ ಮಾಡಿದ. ಕೂರು ಅಂದರೆ ಕೂತ, ಏಳು ಅಂದರೆ ಎದ್ದ. ಇಂಥ ವಿಧೇಯ ಮದುಮಗನನ್ನು ಕಂಡಿಲ್ಲ ಅಂತ ಭಟ್ಟರೇ ಹೊಗಳಿದರು.

ಧಾರೆಯ ಹೊತ್ತು ಬಂತು. ಗೊತ್ತಲ್ಲ, ಹುಡುಗಿಯ ಕೈಯನ್ನು ಹುಡುಗನ ಕೈಯಲ್ಲಿಟ್ಟು, ಹೆತ್ತವರು ಮೇಲಿಂದ ನೀರು ಎರೆಯುತ್ತಾರೆ. ಆ ನೀರು ಬಿದ್ದರೆ ಮದುವೆ ಆಯಿತು. ಮರಕಾಲರು ಮಗಳ ಕೈಯನ್ನು ಶೀನನ ಕೈಯಲ್ಲಿಟ್ಟರು. ಕಣ್ಣು ಒರೆಸಿಕೊಂಡು ಗಿಂಡಿ ಬಗ್ಗಿಸಿದರು. ನೀರು ವಾರಿಜಳ ಕೈ ಮೇಲೆ ಬಿದ್ದು ತೊಟ್ಟಿಕ್ಕಿತು.

ಶೀನ ಕೈ ಎಳೆದುಕೊಂಡ. ಹಿಂದಕ್ಕೆ ಸರಿದ. ಕೈ ಕಟ್ಟಿ ದೂರ ನಿಂತ.

ವಾದ್ಯ ನಿಂತಿತು. ಭಟ್ಟರು ಮಂತ್ರ ಮರೆತರು. ಹೆಂಗಸರು ಗುಸುಗುಸು ಶುರು ಮಾಡಿದರು. ಹುಡುಗನಿಗೆ ಮನಸ್ಸಿಲ್ಲವಂತೆ ಅಂತ ಹಿಂದಿನ ಸಾಲಿಗೆ ಸುದ್ದಿ ಹೋಗಿ, ಅಲ್ಲಿಂದ ಮುಂದೆ ಬರುವಾಗ ಹುಡುಗನಿಗೆ ಬೇರೆ ಮದುವೆಯಾಗಿದೆಯಂತೆ ಅಂತ ಆಗಿತ್ತು. ಜಲಜಕ್ಕನ ಮುಖದಲ್ಲಿ ರಕ್ತ ಇರಲಿಲ್ಲ. "ಹಿಡ್ಕೋ ಮಗಾ, ಹಿಡ್ಕೋ" ಅಂತ ಹೇಳಲು ಹೊರಟವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಟ್ಟಬೇಡ ಅಂದದ್ದು ತಾನೇ ಅಂತ ಅವಳಿಗೆ ನೆನಪಾಗಿರಬೇಕು.

ವಾರಿಜ ಮಾತ್ರ ಗಾಬರಿಯಾಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು, ಒದ್ದೆ ಕೈ ಚಾಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಕೈ ಹಿಡ್ಕೊಳ್ಳಿ. ನಾನು ಬಿಡಿ ಅನ್ನುವವರೆಗೆ ಬಿಡಬೇಡಿ."

"ಆಯ್ತು" ಅಂದ ಶೀನ. ಹಿಡಿದ. ಮರಕಾಲರು ಉಳಿದ ನೀರನ್ನೆಲ್ಲ ಒಂದೇ ಸಲಕ್ಕೆ ಸುರಿದು ಮುಗಿಸಿದರು, ಇನ್ನೊಮ್ಮೆ ಎಳೆದುಕೊಂಡರೆ ಅಂತ ಹೆದರಿಕೆ.

ಹೋಮದ ಸುತ್ತ ಬರುವಾಗ ಹಿಡಿದಿದ್ದ. ಚಿತ್ರ ತೆಗೆಯುವಾಗ ಹಿಡಿದಿದ್ದ. ಊಟಕ್ಕೆ ಕೂತಾಗಲೂ ಹಿಡಿದಿದ್ದ. ಇಬ್ಬರ ಉಣ್ಣುವ ಕೈಯೂ ಸಿಕ್ಕಿಬಿದ್ದಿತ್ತು, ಹಾಗಾಗಿ ಚಮಚ ತರಿಸಿದರು. ಹೆಂಗಸರು ಮದುಮಗಳಿಗೆ ಸೀರೆ ಬದಲಿಸಬೇಕು ಅಂತ ಒಳಗೆ ಕರೆದುಕೊಂಡು ಹೋದರೆ ಹಿಂದೆಯೇ ಹೋದ. ಬಾಗಿಲಲ್ಲಿ ತಡೆದರೆ ಬಾಗಿಲ ಹೊರಗೆ ನಿಂತ, ಕೈ ಮಾತ್ರ ಒಳಗೆ. "ಬಿಡಿ ಅಂತ ಹೇಳೇ ವಾರಿಜಾ" ಅಂತ ಎಲ್ಲರೂ ಹೇಳಿದರು. ವಾರಿಜ ಸೊಸೈಟಿಯಲ್ಲಿ ಕೆಲಸ ಮಾಡಿದವಳು, ಯಾರ ಮಾತನ್ನು ಕೇಳಬೇಕು, ಯಾರ ಮಾತನ್ನು ಕೇಳಿಸಿಕೊಂಡ ಹಾಗೆ ಮಾಡಬೇಕು ಅಂತ ಅವಳಿಗೆ ಗೊತ್ತು. ನನ್ನ ಮನೆಯವಳು ಇದನ್ನೆಲ್ಲ ನೋಡಿ, ನನ್ನನ್ನು ಒಮ್ಮೆ ನೋಡಿದಳು. ಆ ನೋಟದ ಬಗ್ಗೆ ನಾನು ಮಾತಾಡುವುದಿಲ್ಲ.

ಮಾರನೇ ಬೆಳಿಗ್ಗೆ ಶೀನ ಕೆಲಸಕ್ಕೆ ಬಂದ. ಬರದಿರಲು ಯಾರೂ ಹೇಳಿರಲಿಲ್ಲ. ಎಡಗೈಯಲ್ಲಿ ಹುಟ್ಟು, ಬಲಗೈಯಲ್ಲಿ ಹೆಂಡತಿ. ದಿನಕರ, "ಆಚೆ ದಡಕ್ಕೆ ಹೋಗಿ, ಅಲ್ಲಿ ಬಂದು ನಿಂತವರನ್ನು ಕರ್ಕೊಂಡು ಬಾ" ಅಂದ. ಇಬ್ಬರೂ ಒಂದೇ ಹಲಗೆ ಹತ್ತಿದರು. ವಾರಿಜ ಕೂತಳು, ಶೀನ ನಿಂತ.

ಈ ಹಲಗೆಯ ಕ್ರಮ ಹೀಗೆ. ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಕಬೇಕು. ಆಗ ನೆಟ್ಟಗೆ ಹೋಗುತ್ತದೆ. ಒಂದೇ ಬದಿಗೆ ಹಾಕಿದರೆ ಗುಂಡಗೆ ಸುತ್ತುತ್ತದೆ. ಶೀನನಿಗೆ ಇದ್ದದ್ದು ಒಂದೇ ಕೈ. ಹಲಗೆ ಹೊಳೆಯ ನಡುವೆ ಹೋಗಿ ಸುತ್ತತೊಡಗಿತು. ಸುತ್ತಿತು, ಸುತ್ತಿತು, ಮಂಜು ಕರಗಿ ಬಿಸಿಲು ಬರುವವರೆಗೂ ಸುತ್ತಿತು. ಆಚೆ ದಡದವರು ಬ್ಯಾಗು ಹಿಡಿದು ಕಾದರು. ಈಚೆಯಿಂದ ದಿನಕರ ಬಾಯಿ ಬಡಿದುಕೊಂಡ, "ಕೈ ಬಿಡೋ ಮಾರಾಯಾ, ಕೈ ಬಿಡು" ಅಂತ. ಶೀನ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಡಿ ಅನ್ನಬೇಕಾದವನು ದಿನಕರನಲ್ಲವಲ್ಲ.

ಜಲಜಕ್ಕ ನನ್ನ ಬೆಂಚಿನಿಂದ ಎದ್ದು ದಡಕ್ಕೆ ಹೋದಳು. ಅಭ್ಯಾಸಬಲ, ಬೈಯಲು ಬಾಯಿ ತೆರೆದಳು, ಬುದ್ಧಿ ಹೇಳಲು ಬೆರಳು ಎತ್ತಿದಳು. ಅಷ್ಟರಲ್ಲಿ ಅದು ಇನ್ನು ತನ್ನ ಕೆಲಸ ಅಲ್ಲ ಅಂತ ಹೊಳೆದಿರಬೇಕು. ಬೆರಳು ಇಳಿಸಿ ಬಂದು ಕೂತು, "ಒಂದು ಚಾ ಕೊಡಿ, ಸಕ್ಕರೆ ಜಾಸ್ತಿ" ಅಂದಳು. ಬೆಚ್ಚಗೆ ಕುಡಿದಳು.

ಹೊಳೆಯಲ್ಲಿ ಹಲಗೆ ಸುತ್ತುತ್ತಲೇ ಇತ್ತು. ವಾರಿಜ ನೀರಿಗೆ ಕಾಲು ಇಳಿಬಿಟ್ಟು ಊರನ್ನು ನಾಲ್ಕೂ ಕಡೆಯಿಂದ ನೋಡುತ್ತಿದ್ದಳು. ಅವಳು ಇನ್ನೂ ಬಿಡಿ ಅಂದಿಲ್ಲ.